ಜಾಲರಿ ಕಟ್ಟಿದವರು

ಅವರ ಬಲಗೈ ಮುರಿದವರು ಊರಿನವರು, ಮುರಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಬಹಳ ವರ್ಷ ಕಳೆದಿದ್ದೇನೆ. ಹೋದ ವಾರ ಎನ್. ಬೇಗೂರಿನಿಂದ ಅವರು ತೀರಿಕೊಂಡರೆಂದು ಕಾಗದ ಬಂತು. ಇನ್ನು ಬಾಯಿ ಮುಚ್ಚಿಕೊಂಡಿರಲು ನನಗೆ ಯಾವ ನೆವವೂ ಉಳಿದಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಅವರು ದೇವರಂಥವರು, ಇರುವೆಗೂ ನೋವು ಮಾಡಿದವರಲ್ಲ ಎಂದೆಲ್ಲ ಬರೆಯುವುದು ವಾಡಿಕೆ. ನಮ್ಮ ಮೇಸ್ತ್ರಿಯ ವಿಷಯದಲ್ಲಿ ಹಾಗೆ ಬರೆದರೆ ಕೆ.ಆರ್. ನಗರದ ರೈಲ್ವೆ ಸ್ಟೇಷನ್ನಿನಲ್ಲಿ ಆಗ ಕೆಲಸ ಮಾಡುತ್ತಿದ್ದವರು ಬಿದ್ದುಬಿದ್ದು ನಗುತ್ತಾರೆ. ಅವರ ಕೈಯಲ್ಲಿ ಏಟು ತಿನ್ನದ ಒಬ್ಬನೇ ಒಬ್ಬ ಅಲ್ಲಿನ ಇಂಜಿನ್ ರಿಪೇರಿ ಶೆಡ್ಡಿನಲ್ಲಿ ಇರಲಿಲ್ಲ.

ಗಿಡ್ಡ ಆಳು. ಕುತ್ತಿಗೆ ಇತ್ತೋ ಇಲ್ಲವೋ ಎಂದು ಹುಡುಕಬೇಕಾಗಿತ್ತು. ಇಪ್ಪತ್ತೈದು ವರ್ಷ ಬಾಯ್ಲರಿನೊಳಗೆ ಕೂತು ಸುತ್ತಿಗೆ ಬಡಿದು ಎಡಗಿವಿ ಪೂರ್ತಿ ಹೋಗಿತ್ತು. ಹಾಗಾಗಿ ಸಾಮಾನ್ಯ ಮಾತನ್ನೂ ಕಿರುಚಿಯೇ ಆಡುತ್ತಿದ್ದರು. ಯಾರಾದರೂ ಎಡಗಡೆ ನಿಂತು ಉತ್ತರ ಕೊಟ್ಟರೆ ಅದು ಕೇಳಿಸದೆ, ಇವನು ಪೊಗರು ತೋರಿಸುತ್ತಿದ್ದಾನೆ ಎಂದುಕೊಂಡು ಒಂದು ಬಿಗಿಯುತ್ತಿದ್ದರು. ಹೊಸದಾಗಿ ಸೇರಿದವರಿಗೆ ನಾವು ಹೇಳಿಕೊಡುತ್ತಿದ್ದ ಮೊದಲ ಪಾಠ, ಮೇಸ್ತ್ರಿಯ ಬಲಕ್ಕೆ ನಿಲ್ಲು ಎನ್ನುವುದು. ಎರಡನೆಯ ಪಾಠ, ಅವರ ಮಾತಿನಲ್ಲಿ ‘ಲೇ’ ಹೋಗಿ ‘ಎಡಾ’ ಬಂತೆಂದರೆ ಓಡು ಎನ್ನುವುದು. ಅವರ ಊರು ಬೇಗೂರು ಎಚ್.ಡಿ. ಕೋಟೆಯ ಆಚೆ, ಮಲೆಯಾಳದ ಗಡಿಯ ಹತ್ತಿರ. ಕೋಪ ನೆತ್ತಿಗೇರಿದಾಗ ಆ ಕಡೆಯ ಮಾತು ತಾನಾಗಿ ಬಂದುಬಿಡುತ್ತಿತ್ತು.

ನನ್ನದು ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿ. ಆಗ ಮದುವೆಯಾಗಿ ಒಂದು ವರ್ಷವಾಗಿತ್ತು, ಗೂಡ್ಸ್ ಇಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದೆ. ಬೆಂಕಿಗೂಡಿಗೆ ಸೌದೆ ಒಟ್ಟುವುದು ನನ್ನ ಕೆಲಸ. ಐವತ್ತರ ದಶಕದ ಆ ದಿನಗಳಲ್ಲಿ ಸಂಸ್ಥಾನದ ರೈಲು ಹೋಗಿ ದೊಡ್ಡ ರೈಲ್ವೆಗೆ ಸೇರಿಕೊಂಡಿತ್ತು. ದೇಶವೆಲ್ಲ ಒಂದಾಯಿತಲ್ಲ, ಇಂಜಿನ್ನುಗಳೂ ಒಂದಾಗಲಿ ಎಂದು ಯಾರೋ ಮೇಲಿನವರಿಗೆ ಅನ್ನಿಸಿರಬೇಕು. ಉತ್ತರದ ಕಡೆ ಹೆಚ್ಚಾಗಿದ್ದ ಮೂರು ಗೂಡ್ಸ್ ಇಂಜಿನ್ನುಗಳನ್ನು ನಮ್ಮ ಕಡೆಗೆ ಕಳಿಸಿದರು. ಹಳಿಯ ಅಗಲ ಒಂದೇ, ಮಿಕ್ಕಿದ್ದೆಲ್ಲ ಬೇರೆ. ಅವು ಕಲ್ಲಿದ್ದಲು ತಿಂದು ಬೆಳೆದವು. ನಾವು ಒಟ್ಟುತ್ತಿದ್ದದ್ದು ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಾಡುಗಳಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಸೌದೆ. ಅವುಗಳ ಕೊಂಡಿ ನಮ್ಮ ವ್ಯಾಗನ್ನಿನ ಕೊಂಡಿಗಿಂತ ಎರಡು ಬೆರಳು ಕೆಳಗೆ. ಬ್ರೇಕಿನ ಪೈಪಿನ ಮೂತಿ ನಮ್ಮದಕ್ಕೆ ಕೂರುತ್ತಿರಲಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಜಾಗವಿಲ್ಲವೆಂದು ಅವನ್ನು ನಮ್ಮ ತಗಡಿನ ಶೆಡ್ಡಿಗೆ ತಳ್ಳಿದರು. ‘ಒಂದು ತಿಂಗಳೊಳಗೆ ಸಜ್ಜು ಮಾಡಿ’ ಎಂದು ಮೇಸ್ತ್ರಿಗೆ ಒಂದು ಕಾಗದ ಬಂತು. ಮೇಸ್ತ್ರಿ ಆ ಕಾಗದವನ್ನು ಓದಿಸಿಕೊಂಡು, ತಂದ ಜವಾನನ ಕಪಾಳಕ್ಕೆ ಬಾರಿಸಿದರು. ಪಾಪ, ಅವನು ತಂದುಕೊಟ್ಟವನಷ್ಟೆ.

ಇಂಜಿನ್ನುಗಳು ಬೆಂಕಿಯಿಲ್ಲದೆ, ಇನ್ನೊಂದು ರೈಲಿನ ಬಾಲಕ್ಕೆ ಕಟ್ಟಿಸಿಕೊಂಡು ಬಂದವು. ಅಷ್ಟು ದೂರ ಹಾಗೆ ಎಳೆದು ತರುವಾಗ ಚಕ್ರ ತಿರುಗಿಸುವ ದೊಡ್ಡ ಸರಳುಗಳನ್ನು ಬಿಚ್ಚಿ ಇಂಜಿನ್ನಿನ ಬೆನ್ನಿಗಿರುವ ಇಂಧನ-ನೀರಿನ ಗಾಡಿ, ಅಂದರೆ ಟೆಂಡರಿನಲ್ಲಿ ಹಾಕಿರುತ್ತಾರೆ. ಜೊತೆಗೆ ಕಾವಲಿಗೆ ಆ ಕಡೆಯ ಫಿಟ್ಟರ್ ಒಬ್ಬ ಬಂದಿದ್ದ. ಆರಡಿ ಎತ್ತರ, ದಪ್ಪ ಮೀಸೆ. ಮೇಸ್ತ್ರಿ ಟೆಂಡರ್ ಹತ್ತಿ ಸರಳುಗಳ ತುದಿಯಲ್ಲಿ ಕೊರೆದಿದ್ದ ನಂಬರನ್ನು ಬೆರಳಲ್ಲಿ ಉಜ್ಜಿ ನೋಡಿದರು. ಈ ಇಂಜಿನ್ನಿನದು ಆ ಟೆಂಡರಿನಲ್ಲಿ, ಆ ಇಂಜಿನ್ನಿನದು ಇನ್ನೊಂದರಲ್ಲಿ. ಬಿಚ್ಚಿದವನು ಕೈಗೆ ಸಿಕ್ಕ ಕಡೆ ಎಸೆದಿದ್ದ. ಒಂದು ಸರಳಂತೂ ಮೂರಕ್ಕೂ ಸೇರಿದ್ದಲ್ಲ.

“ಯಾರ್ಲಾ ಇದ್ನ ಬಿಚ್ದೋನು?” ಎಂದು ಮೇಲಿಂದಲೇ ಕೂಗಿದರು. ಅವನು ಹಿಂದಿಯಲ್ಲಿ ಏನೋ ಅಂದ. ಅವನು ನಿಂತಿದ್ದದ್ದು ಎಡಗಡೆ. ಮೇಸ್ತ್ರಿ ಟೆಂಡರಿನಿಂದ ಹಾರಿ ಅವನ ಎದೆಯ ಮೇಲೇ ಬಿದ್ದರು. ಮೂಗಿಗೆ ಒಂದು, ಹೊಟ್ಟೆಗೆ ಒಂದು. ಅವನೇನು ಬಳೆ ತೊಟ್ಟು ಬಂದಿದ್ದನೆ? ಎದ್ದವನೇ ನಟ್ಟು ಬಿಚ್ಚುವ ಪಾನ ಹಿಡಿದು ಬೀಸಿದ. ಮೇಸ್ತ್ರಿಯ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ನಾವು ನಾಲ್ಕು ಜನ ಸೇರಿ ಬಿಡಿಸುವ ಹೊತ್ತಿಗೆ ಇಬ್ಬರ ಅಂಗಿಯೂ ಚಿಂದಿ. ಆಮೇಲೆ ಇಬ್ಬರೂ ಇಂಜಿನ್ನಿಗೆ ನೀರು ಹಿಡಿಯುವ ಕೊಳಾಯಿಯ ಕೆಳಗೆ ಒಟ್ಟಿಗೆ ಕೂತು ಮುಖ ತೊಳೆದುಕೊಂಡರು. ಮಧ್ಯಾಹ್ನ ಮೇಸ್ತ್ರಿ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವನು ರಾಗಿಮುದ್ದೆಯನ್ನು ಅಗಿದು ಅಗಿದು ಕಣ್ಣು ಮೇಲೆ ಮಾಡಿದ. “ನುಂಗ್ಲಾ, ನುಂಗು” ಎಂದು ಮೇಸ್ತ್ರಿ ಅವನ ಬೆನ್ನಿಗೆ ಗುದ್ದಿ ನುಂಗಿಸಿದರು. ಒಬ್ಬರ ಮಾತು ಒಬ್ಬರಿಗೆ ಬಾರದಿದ್ದರೂ ಇಬ್ಬರೂ ಒಂದು ತಿಂಗಳು ಒಂದೇ ಸುತ್ತಿಗೆಯಲ್ಲಿ ಕೆಲಸ ಮಾಡಿದರು. ಹೊರಡುವ ದಿನ ಆ ಮೀಸೆಯವನು ಅತ್ತ.

ನಮ್ಮ ಮನೆಗೇ ಯಾಕೆ ಬಂದರೆಂದರೆ, ಅವರ ಮನೆಯಲ್ಲಿ ಒಲೆ ಹಚ್ಚುವವರು ಇರಲಿಲ್ಲ. ಶೆಡ್ಡಿನ ಕೈಯನ್ನು ಒಂದು ಸಲ ಮನೆಯಲ್ಲೂ ಎತ್ತಿದರಂತೆ. ಹೆಂಡತಿ ಮರುಮಾತಾಡದೆ ಅಂದೇ ಬಸ್ಸು ಹತ್ತಿ ಬೇಗೂರಿಗೆ ಹೋಗಿಬಿಟ್ಟಿದ್ದರು. ನನ್ನ ಹೆಂಡತಿ ಮೇಸ್ತ್ರಿಗೆ ಅನ್ನವನ್ನೂ ಹಾಕುತ್ತಿದ್ದಳು, ಬೈಗುಳವನ್ನೂ ಹಾಕುತ್ತಿದ್ದಳು.

“ಈ ಮನೇಲಿ ಏನಾರ ಕೈ ಎತ್ತುದ್ರೆ ಮುದ್ದೆಕೋಲಲ್ಲಿ ಬಾರುಸ್ತೀನಿ ಕಣ್ ಮೇಸ್ತ್ರಣ್ಣ.”

“ಬಾರ್ಸವ್ವ, ಬಾರ್ಸು. ನಮ್ಮವ್ಳೂ ಇಂಗೇ ಬಾರ್ಸಿದ್ರೆ ಇಲ್ಲೇ ಇರೋಳು” ಎಂದು ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಅವರು ಹೊಡೆಯುತ್ತಿದ್ದದ್ದು ಪ್ರೀತಿಯಿಂದ ಎಂದು ನಾನೊಮ್ಮೆ ಹೆಂಡತಿಗೆ ಹೇಳಿದೆ. “ಏಟು ತಿಂದು ಪ್ರೀತಿ ಅಂತೀರಲ್ಲ, ನಿಮ್ ಗಂಡುಸ್ರಿಗೆ ತಲೆ ನೆಟ್ಟಗಿಲ್ಲ” ಎಂದಳು. ಅವಳ ಮಾತೇ ಸರಿ ಇರಬಹುದು. ಆದರೆ ಕೆಲಸ ಮಾತ್ರ, ನಾನು ಇವತ್ತಿಗೂ ಹೇಳುತ್ತೇನೆ, ಅಂಥ ಕೆಲಸಗಾರರನ್ನು ನಾನು ಮತ್ತೆ ನೋಡಲಿಲ್ಲ. ಕಲ್ಲಿದ್ದಲಿನ ಬೆಂಕಿಗೂಡಿನ ತಳದಲ್ಲಿ ಸರಳುಗಳ ನಡುವೆ ಸಂದು ಅಗಲ. ಸೌದೆ ಹಾಕಿದರೆ ಕೆಂಡವೆಲ್ಲ ಕೆಳಗೆ ಉದುರುತ್ತಿತ್ತು. ಮೇಸ್ತ್ರಿ ಗುಜರಿಗೆ ಬಿದ್ದಿದ್ದ ಹಳಿಯ ತುಂಡುಗಳನ್ನು ಕಾಯಿಸಿ, ಬಡಿದು, ಸಂದುಗಳಿಗೆ ಹೊಸ ಸರಳು ಕೂರಿಸಿದರು. ಟೆಂಡರಿನ ಸುತ್ತ ಸೌದೆ ನಿಲ್ಲುವಂತೆ ಮರದ ಬೇಲಿ ಕಟ್ಟಿಸಿದರು. ಕೊಂಡಿಯನ್ನು ಎರಡು ಬೆರಳು ಮೇಲೆತ್ತಿದರು. ಅಳತೆಗೆ ಪಟ್ಟಿ ಹಿಡಿದವರಲ್ಲ. ಕಣ್ಣು ಮುಚ್ಚಿ ಅಂಗೈಯನ್ನು ಕಬ್ಬಿಣದ ಮೇಲೆ ಆಡಿಸಿ, “ಇಲ್ಲಿ ಉಬ್ಬೈತೆ ಕಣ್ಲಾ, ತಟ್ಟು” ಎನ್ನುತ್ತಿದ್ದರು. ತಟ್ಟಿದ್ದು ಸರಿಯಾಗದಿದ್ದರೆ ಅದೇ ಅಂಗೈ ನಮ್ಮ ಬೆನ್ನ ಮೇಲೆ ಬೀಳುತ್ತಿತ್ತು.

ಉಳಿದದ್ದು ಜಾಲರಿ. ಸೌದೆ ಸುಡುವ ಇಂಜಿನ್ನು ಕಿಡಿ ಕಾರುತ್ತದೆ. ಅದು ಹೊರಗೆ ಹಾರದಂತೆ ಹೊಗೆಪೆಟ್ಟಿಗೆಯೊಳಗೆ, ಚಿಮಣಿಯ ಬುಡಕ್ಕೆ ತಂತಿಯ ಜಾಲರಿ ಕಟ್ಟುತ್ತಾರೆ. ಬೂದಿ, ಜಿಗಟು ಕೂತು ಅದು ಕಟ್ಟಿಕೊಂಡರೆ ಬೆಂಕಿಗೆ ಗಾಳಿ ಎಳೆಯುವುದಿಲ್ಲ, ಆವಿ ಏಳುವುದಿಲ್ಲ, ಗಾಡಿ ಏರಿನಲ್ಲಿ ನಿಂತುಬಿಡುತ್ತದೆ. ಗಾಡಿ ತಡವಾದರೆ ಡ್ರೈವರಿಗೂ ಫೈರ್‌ಮನ್ನಿಗೂ ಮೆಮೋ. ಅದಕ್ಕೆ ನಮ್ಮ ಕಡೆಯ ಫೈರ್‌ಮನ್ನುಗಳೆಲ್ಲ ಒಂದು ಅಭ್ಯಾಸ ಮಾಡಿಕೊಂಡಿದ್ದೆವು. ಇಂಜಿನ್ನು ನೀರಿಗೆ ನಿಂತಾಗ ಹೊಗೆಪೆಟ್ಟಿಗೆಯ ಬಾಗಿಲು ತೆಗೆದು, ಬೆಂಕಿ ಕೆದಕುವ ಸಲಾಕೆಯಿಂದ ಜಾಲರಿಗೆ ಒಂದು ತೂತು ಹಾಕಿಬಿಡುವುದು. ಹಳೆಯ ಇಂಜಿನ್ನುಗಳಲ್ಲಿ ಇದರಿಂದ ಯಾವ ಕೇಡೂ ಆಗುತ್ತಿರಲಿಲ್ಲ. ಅವುಗಳ ಚಿಮಣಿಯ ಬಾಯಿ ಅಗಲ, ಕಿಡಿ ಅಲ್ಲೇ ಸುತ್ತಿ ಆರಿಹೋಗುತ್ತಿತ್ತು. ಉತ್ತರದಿಂದ ಬಂದವುಗಳ ಚಿಮಣಿ ಸಣ್ಣ, ಉಸಿರು ಬಿರುಸು.

ಮೇಸ್ತ್ರಿಗೆ ನಮ್ಮ ಅಭ್ಯಾಸ ಗೊತ್ತಿತ್ತು. ಮೊದಲ ಇಂಜಿನ್ನು ಸಜ್ಜಾದ ದಿನ ಫೈರ್‌ಮನ್ನುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನಾನು ಮುಂದಿದ್ದೆ. ನನ್ನ ಕೈ ಹಿಡಿದೆಳೆದು ಅಂಗೈಯನ್ನು ಕಾದ ಹೊಗೆಪೆಟ್ಟಿಗೆಯ ಬಾಗಿಲಿಗೆ ಒಂದು ಬೆರಳಷ್ಟು ದೂರದಲ್ಲಿ ಹಿಡಿದರು. ಕೈಯ ಕೂದಲು ಸೀದು ವಾಸನೆ ಬಂತು. ಕಿತ್ತುಕೊಳ್ಳಲು ನೋಡಿದೆ, ಆಗಲಿಲ್ಲ.

“ನೋಡ್ಕಳ್ರಲಾ ಎಲ್ಲಾರೂ. ಇದು ನಮ್ ಅಳೇ ಇಂಜಿನ್ನಲ್ಲ. ಇದ್ರ ಜಾಲರಿಗೆ ಸಲಾಕೆ ತಾಕ್ಸುದ್ರೆ ಕೆಂಡದ್ ಮಳೆ ಸುರೀತದೆ. ತಾಕ್ಸಿದೋನ್ ಕೈನ ಇಲ್ಲಿ ಒತ್ತಿ ಇಡಿತೀನಿ. ತಿಳೀತಾ?”

“ತಿಳೀತು ಮೇಸ್ತ್ರಿ” ಎಂದು ನಾನು ಕಿರುಚಿದೆ. ತಿಳಿದಿತ್ತು ಕೂಡ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ತಿಳಿಯದೆ ಮಾಡಿದ್ದಲ್ಲ.

ಸುಗ್ಗಿಯ ಕಾಲ. ಚುಂಚನಕಟ್ಟೆ ನಾಲೆಯ ಬತ್ತ ಕೊಯ್ದು ಹಳಿಯ ಎರಡು ಕಡೆಯೂ ಕಣಗಳಲ್ಲಿ ಮೆದೆ ಒಟ್ಟಿದ್ದರು. ಆ ವಾರ ನನಗೆ ಎರಡು ಮೆಮೋ ಬಂದಿತ್ತು. ಮೂರನೆಯದು ಬಂದರೆ ಮತ್ತೆ ಇಂಜಿನ್ನು ತೊಳೆಯುವ ಕೆಲಸಕ್ಕೆ ಇಳಿಸುತ್ತಾರೆ ಎಂದು ಗೊತ್ತಿತ್ತು. ಅವತ್ತು ನಮ್ಮದು ಉತ್ತರದ ಇಂಜಿನ್ನು; ಮಧ್ಯಾಹ್ನ ಕೆ.ಆರ್. ನಗರದಲ್ಲಿ ನೀರಿಗೆ ನಿಂತಾಗ ಆವಿಯ ಒತ್ತಡ ತೋರಿಸುವ ಮುಳ್ಳು ಮೇಲೇಳಲಿಲ್ಲ. ನಾನು ಎಡಗೈಗೆ ಸಲಾಕೆ ಎತ್ತಿಕೊಂಡೆ. ಡ್ರೈವರು ಆ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದರು. ಮೇಸ್ತ್ರಿ ಶೆಡ್ಡಿನ ಹಿಂದೆ ಮೂರನೆಯ ಇಂಜಿನ್ನಿನ ಕೆಳಗೆ ಮಲಗಿ ಏನನ್ನೋ ಬಡಿಯುತ್ತಿದ್ದರು, ಸದ್ದು ಕೇಳುತ್ತಿತ್ತು. ಬಾಗಿಲು ತೆಗೆದು ಒಂದೇ ತಿವಿತ. ತಂತಿ ಹರಿಯಿತು. ಐದು ನಿಮಿಷದಲ್ಲಿ ಮುಳ್ಳು ಮೇಲೆ ಬಂತು. ನನಗೆ ಎಷ್ಟು ಹಗುರವಾಯಿತೆಂದರೆ ಹಾಡು ಗುನುಗಿದೆ.

ಎರಡು ಮೈಲಿ ಆಚೆ ಮೆದೆ ಹತ್ತಿಕೊಂಡದ್ದು ನಮಗೆ ಕಾಣಲಿಲ್ಲ, ಗಾಡಿ ತಿರುವು ದಾಟಿಹೋಗಿತ್ತು. ಹೊಳೆನರಸೀಪುರದ ಸ್ಟೇಷನ್ನಿಗೆ ತಂತಿ ಸುದ್ದಿ ಬಂದಾಗಲೇ ತಿಳಿದದ್ದು. ವರ್ಷದ ಬತ್ತವೆಲ್ಲ ಸುಟ್ಟುಹೋಗಿತ್ತು. ಕಣದಲ್ಲಿ ಕಟ್ಟಿದ್ದ ಒಂದು ಜೊತೆ ಎತ್ತು ಹಗ್ಗ ಬಿಚ್ಚುವ ಮೊದಲೇ ಬೆಂದುಹೋಗಿದ್ದವು. ಬಿಚ್ಚಲು ನುಗ್ಗಿದ ರೈತನ ಎರಡು ಕೈಯೂ ಮೊಳಕೈವರೆಗೆ ಸುಟ್ಟಿದ್ದವು.

ಮರುದಿನ ಬೆಳಿಗ್ಗೆ ಅದೇ ಇಂಜಿನ್ನಿನಲ್ಲಿ ವಾಪಸು ಬಂದೆವು. ಶೆಡ್ಡಿನ ಮುಂದೆ ಐವತ್ತು ಅರವತ್ತು ಜನ. ದೊಣ್ಣೆ, ಕುಡುಗೋಲು, ಹಾರೆ. ಆ ರೈತ ಕೈಗಳಿಗೆ ಬಾಳೆಯೆಲೆ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದ. ಸ್ಟೇಷನ್ ಮಾಸ್ತರರು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಮೇಸ್ತ್ರಿ ಒಬ್ಬರೇ ಜನರ ಎದುರು ನಿಂತಿದ್ದರು. ಅವರ ಕೈಯಲ್ಲಿ ಏನೂ ಇರಲಿಲ್ಲ.

“ನನ್ ಜಾಲರೀಲಿ ಕಿಡಿ ಬರಾಕಿಲ್ಲ. ನಿಮ್ ಕಣ್ಣೆದುರಿಗೇ ತೆಗ್ದು ತೋರುಸ್ತೀನಿ, ತಡೀರಿ” ಎಂದು ಅವರು ಕೂಗುತ್ತಿದ್ದರು. ಇಂಜಿನ್ನು ನಿಂತ ಕೂಡಲೇ ಮುಂದಕ್ಕೆ ಹತ್ತಿ ಹೊಗೆಪೆಟ್ಟಿಗೆಯ ಬಾಗಿಲು ತೆರೆದು ತಲೆ ಒಳಗೆ ಹಾಕಿದರು. ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ಜನ ಹತ್ತಿರಕ್ಕೆ ಸರಿದರು. ತಲೆ ಈಚೆ ತೆಗೆದಾಗ ಮುಖವೆಲ್ಲ ಮಸಿ. ಅವರು ಜನರನ್ನು ನೋಡಲಿಲ್ಲ. ಇಂಜಿನ್ನಿನ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ನಾನು ಟೆಂಡರಿನ ಸೌದೆ ಸರಿಮಾಡತೊಡಗಿದೆ. ಜೋಡಿಸಿದ್ದ ಸೌದೆಯನ್ನೇ ತೆಗೆದು ಮತ್ತೆ ಜೋಡಿಸಿದೆ, ಹೇಡಿ.

ಮೇಸ್ತ್ರಿ ಕೆಳಗಿಳಿದರು. “ತೂತು ಬಿದ್ದೈತೆ. ಜಾಲರಿ ಕಟ್ದೋನು ನಾನು” ಎಂದರು.

ಮೊದಲ ದೊಣ್ಣೆ ಬೆನ್ನಿಗೆ ಬಿತ್ತು. ಆಮೇಲೆ ಯಾವುದು ಎಲ್ಲಿ ಬಿತ್ತೋ ಲೆಕ್ಕವಿಲ್ಲ. ಜೀವನವಿಡೀ ಸಿಕ್ಕಿದವರಿಗೆಲ್ಲ ಬಾರಿಸಿದ್ದ ಮನುಷ್ಯ ಅವತ್ತು ಕೈ ಎತ್ತಲಿಲ್ಲ, ಅಡ್ಡವೂ ಹಿಡಿಯಲಿಲ್ಲ. ಅಂಗಾತ ಬಿದ್ದಾಗ ಎದೆಯ ಮೇಲೆ ತುಳಿದರು. ಬಾಯಿಂದ ರಕ್ತ ಬಂತು. ಕೂತಿದ್ದ ರೈತ ಎದ್ದು ನಿಂತು, “ನನ್ ಎತ್ಗೋಳು ಎಂಗ್ ಅರಚ್ಕಂಡ್ವೋ ಅಂಗೇ ಇವ್ನೂ ಅರಚ್ಬೇಕು” ಎಂದು ಅಳುತ್ತಾ ಕೂಗಿದ. ಅವನಿಗೆ ಹೊಡೆಯಲು ಕೈ ಇರಲಿಲ್ಲ. ಅವನ ತಮ್ಮ ಹಾರೆ ಎತ್ತಿದ. ಇಬ್ಬರು ಮೇಸ್ತ್ರಿಯ ಬಲಗೈಯನ್ನು ಎಳೆದು ಹಳಿಯ ಮೇಲಿಟ್ಟು ಮಣಿಕಟ್ಟನ್ನು ಒತ್ತಿ ಹಿಡಿದರು. ಹಾರೆ ಎರಡು ಸಲ ಬಿತ್ತು. ಆ ಸದ್ದನ್ನು ನಾನು ಬರೆಯಲಾರೆ. ಮೇಸ್ತ್ರಿ ಅರಚಲಿಲ್ಲ. ನನ್ನ ಬಾಯಿ ಒಂದು ಮಾತು ಆಡಿದ್ದರೆ ಆ ಎರಡನೆಯ ಏಟಾದರೂ ತಪ್ಪುತ್ತಿತ್ತು. ಆಡಲಿಲ್ಲ.

ವಿಚಾರಣೆಗೆ ಮೇಲಿನಿಂದ ಅಧಿಕಾರಿ ಬಂದರು. ಮೇಸ್ತ್ರಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಕೊಂಡೇ, ತಂತಿ ತೆಳ್ಳಗಿತ್ತು, ನನ್ನ ತಪ್ಪು ಎಂದು ಎಡಗೈ ಹೆಬ್ಬೆಟ್ಟು ಒತ್ತಿದ್ದರು. ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಹೊಗೆಪೆಟ್ಟಿಗೆಯ ಬಾಗಿಲು ತೆಗೆದಿದ್ದೆಯಾ ಎಂದು. “ಇಲ್ಲ ಸಾರ್” ಎಂದೆ. ಮೇಸ್ತ್ರಿಯ ಕೆಲಸ ಹೋಯಿತು. ನನ್ನದು ಉಳಿಯಿತು. ಮನೆಯಲ್ಲಿ ಹೆಂಡತಿ ಅನ್ನ ಬಡಿಸುತ್ತಾ, “ಯೋಳಿ, ನೀವಲ್ಲ ತಾನೆ?” ಎಂದಳು. ಅವಳಿಗೂ ಅಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಮಸಿಯ ಅಂಗಿಯನ್ನು ಅವತ್ತಿನಿಂದ ನಾನೇ ಒಗೆದುಕೊಳ್ಳಬೇಕಾಯಿತು.

ಆಸ್ಪತ್ರೆಗೆ ಒಂದು ಸಲ ಹೋದೆ. ಕೈಗೆ ಸುಣ್ಣದ ಪಟ್ಟಿ ಹಾಕಿದ್ದರು, ಅದರ ಹೊರಗೆ ಕಾಣುತ್ತಿದ್ದ ಬೆರಳುಗಳು ಊದಿ ಕಪ್ಪಾಗಿದ್ದವು. ಬಲಗಡೆಯಲ್ಲೇ ಕೂತೆ. ಯಾಕೆ ಮೇಸ್ತ್ರಿ ಹಾಗಂದಿರಿ ಎಂದು ಕೇಳಿದೆ.

“ಫೈರ್‌ಮನ್ನು ತೂತು ಆಕೇ ಆಕ್ತಾನೆ ಅಂತ ನಂಗೊತ್ತಿತ್ತು. ಗೊತ್ತಿದ್ದೂ ತೂತು ಬೀಳೋ ಅಂಥ ಜಾಲರಿ ಕಟ್ಟಿದ್ದೆ. ಆ ಪಾಲು ನಂದೇಯ” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, “ನೀವಿನ್ನು ಓಗಿ. ಡ್ಯೂಟಿಗೆ ಒತ್ತಾಗ್ತದೆ” ಎಂದರು.

ನೀವು ಎಂದದ್ದು ಜ್ವರದ ತಾಪಕ್ಕೆ ಎಂದುಕೊಂಡೆ. ಅವರು ಸ್ಟೇಷನ್ ಮಾಸ್ತರರನ್ನೂ ಬೆನ್ನ ಹಿಂದೆ ಏಕವಚನದಲ್ಲೇ ಕರೆಯುತ್ತಿದ್ದವರು.

ಮೂರು ವರ್ಷವಾದ ಮೇಲೆ ನಾನು ಡ್ರೈವರ್ ಆದೆ. ಬಡ್ತಿ ಸಿಕ್ಕ ವಾರವೇ ಹುಣಸೂರಿಗೆ ಹೋಗಿ, ಅಲ್ಲಿಂದ ಕೋಟೆಗೆ ಬಸ್ಸು ಹಿಡಿದು, ಮಿಕ್ಕ ದಾರಿಯನ್ನು ಗಾಡಿಯಲ್ಲೂ ಕಾಲುನಡಿಗೆಯಲ್ಲೂ ಮಾಡಿ ಬೇಗೂರು ಮುಟ್ಟಿದೆ. ಮೇಸ್ತ್ರಿ ಮನೆಯ ಮುಂದೆ ಚಪ್ಪರ ಹಾಕಿ ಕುಲುಮೆ ಇಟ್ಟುಕೊಂಡಿದ್ದರು. ಹೆಂಡತಿ ಜೊತೆಗಿದ್ದರು. ಗಂಡನ ಬಲಗೈ ಮಡಚಲಾಗದಂತೆ ಸೆಟೆದುಕೊಂಡಿತ್ತು. ಸುತ್ತಿಗೆ ಎಡಗೈಗೆ ಬಂದಿತ್ತು. ಪಕ್ಕದ ಮನೆಯ ರೈತನೊಬ್ಬ, ನನ್ನದೇ ವಯಸ್ಸಿನವನು, ಗಾಡಿಯ ಚಕ್ರಕ್ಕೆ ಪಟ್ಟಿ ಹಾಕಿಸಿಕೊಳ್ಳಲು ಬಂದು ತಿದಿ ಒತ್ತುತ್ತಿದ್ದ.

“ಬನ್ನಿ, ಬನ್ನಿ. ಕೂತ್ಕಳಿ” ಎಂದು ಮೇಸ್ತ್ರಿ ಎದ್ದು ನಿಂತರು. ನನಗೆ ಚಾಪೆ ಹಾಕಿಸಿದರು. ಹೆಂಡತಿಗೆ ಕಾಫಿ ಮಾಡಲು ಹೇಳಿದರು. ನಾನು ಕಾಫಿ ಬರುವವರೆಗೆ ಕಾಯಲಿಲ್ಲ.

“ಮೇಸ್ತ್ರಿ, ಜಾಲರಿಗೆ ಸಲಾಕೆ ಆಕ್ದೋನು ನಾನು.”

“ಗೊತ್ತು. ತೂತು ಎಡಕ್ಕೆ ಓರೆಯಾಗಿತ್ತು. ನಮ್ ಶೆಡ್ಡಲ್ಲಿ ಎಡಚ ಅಂದ್ರೆ ನೀವೊಬ್ರೆ.”

“ವಿಚಾರಣೇಲೂ ಸುಳ್ಳು ಯೋಳ್ದೆ. ನನ್ಗೆ ಒಂದೇಟು ಒಡೆದ್ಬುಡಿ ಮೇಸ್ತ್ರಿ. ಆ ಸುತ್ತಿಗೇಲೇ ಒಡೀರಿ.”

ಅವರು ಸುತ್ತಿಗೆಯನ್ನು ಕೆಳಗಿಟ್ಟರು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ತೂತು ಎಲ್ರೂ ಆಕ್ತಾರೆ, ಬುಡಿ. ಮೆಮೋ ಬಂದ್ರೆ ನಾನೂ ಆಕ್ತಿದ್ನೇನೋ. ಅವತ್ತು ತಲೆ ಈಚೆ ತೆಗ್ದು ನಿಮ್ ಮೊಕ ನೋಡುದ್ನಲ್ಲ, ಆಗ ಇಳ್ದು ಬತ್ತೀರಿ ಅನ್ಕಂಡಿದ್ದೆ. ಬಂದಿದ್ರೆ ಇಬ್ರೂ ಒಟ್ಗೇ ತಿಂತಿದ್ವಿ ಏಟ.” ಕುಲುಮೆಯ ಕೆಂಡ ಕೆದಕಿ, “ಈಗ ನಿಮ್ಗ್ಯಾಕೆ ಸ್ವಾಮಿ ಒಡೀಲಿ. ನಿಮ್ಗೂ ನಂಗೂ ಏನೈತೆ?” ಎಂದರು.

ಕಾಫಿ ಬಂತು. ಅವರ ಹೆಂಡತಿ ನನ್ನ ಮುಖ ನೋಡದೆ ಲೋಟ ಇಟ್ಟು ಒಳಗೆ ಹೋದರು. ನಾನು ಕುಡಿದೆ. ಹೊರಡುತ್ತೇನೆ ಎಂದಾಗ ಮೇಸ್ತ್ರಿ, ಆಡುವ ಎಡಗೈಯೊಂದನ್ನೇ ಎದೆಗೆ ತಂದು, ದೊಡ್ಡ ಮನುಷ್ಯರಿಗೆ ಮಾಡುವ ಹಾಗೆ ನನಗೆ ನಮಸ್ಕಾರ ಮಾಡಿದರು.

ಬೇಲಿ ದಾಟುವಾಗ ಹಿಂದೆ ಅವರ ಕಿರುಚು ಕೇಳಿತು. “ಎಡಾ, ಪಟ್ಟಿ ಕೆಂಪಗಾಗೋ ಮುಂಚೇನೇ ತಿದಿ ಬುಟ್ಟು ಯಾರ್ ಮೊಕ ನೋಡ್ತಿದ್ದೀಯಲಾ!” ಅದರ ಹಿಂದೆಯೇ ಎಡಗೈಯ ಏಟು ಬಿದ್ದ ಸದ್ದು. ತಿರುಗಿ ನೋಡಿದೆ. ಆ ರೈತ ಕೆನ್ನೆ ಉಜ್ಜಿಕೊಳ್ಳುತ್ತಾ, ನಗುತ್ತಾ ಮತ್ತೆ ತಿದಿಗೆ ಕೈ ಹಾಕಿದ. ಮೇಸ್ತ್ರಿ ಅವನಿಗೆ ಒತ್ತಿಕೊಂಡು ಕೂತು ಏನೋ ಬೈಯುತ್ತಿದ್ದರು. ಬಿಸಿಲಲ್ಲಿ ಬಹಳ ಹೊತ್ತು ಅಲ್ಲೇ ನಿಂತು ಅವನನ್ನು ನೋಡಿದೆ. ಹೊಟ್ಟೆ ಉರಿಯಿತು.